ಮೂರು ಟ್ಯೂಬು ರಕ್ತ, ಒಂದು ಕಂದು ಗೆರೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಅದು ನಿಜವೇ. ಆದರೆ ಕೋಪಕ್ಕಿಂತ ದೊಡ್ಡ ಕಾಯಿಲೆ ಇನ್ನೊಂದಿತ್ತು: ನನಗೆ ಯಾರನ್ನೂ ಏನನ್ನೂ ಕೇಳಲು ಬರುತ್ತಿರಲಿಲ್ಲ. ಮೈಸೂರಿನಲ್ಲಿ ನಾವಿದ್ದ ವಠಾರದಲ್ಲಿ ಸಕ್ಕರೆ ಮುಗಿದರೆ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುವುದು ಎಲ್ಲರಿಗೂ ವಾಡಿಕೆ, ನಮ್ಮ ಮನೆಯೊಂದನ್ನು ಬಿಟ್ಟು. ಅಂಚೆ ಕಚೇರಿಯ ಗುಮಾಸ್ತರಾಗಿದ್ದ ನಮ್ಮ ತಂದೆ ಅಂಥ ದಿನ ಸಪ್ಪೆ ಕಾಫಿಯನ್ನೇ ಕುಡಿದು, "ಇವತ್ತು ಕಾಫಿಪುಡಿ ವಾಸನೆ ಚೆನ್ನಾಗಿ ಗೊತ್ತಾಗ್ತಿದೆ" ಅನ್ನುತ್ತಿದ್ದರು. ನಾವು ಮಕ್ಕಳೂ ಹೌದು ಹೌದು ಎಂದು ತಲೆಯಾಡಿಸಿ ಕುಡಿಯುತ್ತಿದ್ದೆವು. ಇದನ್ನು ನಾನು ಬಹಳ ವರ್ಷ ದೊಡ್ಡ ಗುಣ ಅಂದುಕೊಂಡಿದ್ದೆ.

ಎಂಬತ್ತರ ದಶಕದ ಕೊನೆಯಲ್ಲಿ, ಎಂಎಸ್ಸಿ ಮುಗಿಸಿ ಆ ಗುಣದ ಸಮೇತ ಮುಂಬಯಿಗೆ ಬಂದೆ. ವಡಾಲದ ಒಂದು ವರ್ಕಿಂಗ್ ವುಮೆನ್ಸ್ ಹಾಸ್ಟೆಲಿನಲ್ಲಿ ಒಂದು ಮಂಚ, ಒಂದು ಟ್ರಂಕು. ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದೂರದಲ್ಲಿ ಒಂದು ಸಂಶೋಧನಾಲಯದಲ್ಲಿ ಸಹಾಯಕಿಯ ಕೆಲಸ. ನಡುವೆ ಒಂದು ಉಡುಪಿ ಹೋಟೆಲು, ಅಲ್ಲಿ ಬೆಳಿಗ್ಗೆ ಎರಡು ಇಡ್ಲಿ, ಸಂಜೆ ಒಂದು ಸಾದಾ ದೋಸೆ. ಹಾಸ್ಟೆಲಿನ ಹುಡುಗಿಯರು ಹಿಂದಿ ಮರಾಠಿ ಕಲಸಿ ಎಷ್ಟು ಬೇಗ ಮಾತಾಡುತ್ತಿದ್ದರೆಂದರೆ, ನಾನು ಉತ್ತರ ಜೋಡಿಸಿಕೊಳ್ಳುವಷ್ಟರಲ್ಲಿ ಅವರ ಮಾತು ಎರಡು ಸ್ಟೇಷನ್ ಮುಂದೆ ಹೋಗಿರುತ್ತಿತ್ತು. ಆಮೇಲಾಮೇಲೆ ಅವರೂ ಮಾತಾಡಿಸುವುದನ್ನು ಬಿಟ್ಟರು. ಭಾನುವಾರ ಸಂಜೆ ಬಾಯಿ ತೆರೆದರೆ ಧ್ವನಿ ಒಡೆದು ಬರುತ್ತಿತ್ತು, ಇಡೀ ದಿನ ಒಂದು ಮಾತೂ ಆಡಿರುತ್ತಿರಲಿಲ್ಲವಲ್ಲ. ಒಂಟಿತನ ಅಂತ ಆಗ ನಾನು ಅದನ್ನು ಕರೆಯುತ್ತಿರಲಿಲ್ಲ. ಕೆಲಸ ಜಾಸ್ತಿ ಅನ್ನುತ್ತಿದ್ದೆ.

ಕೆಲಸ ಏನೆಂದು ಸ್ವಲ್ಪ ಹೇಳಬೇಕು. ನಮ್ಮ ಮೇಡಂ ಐವತ್ತು ದಾಟಿದ ಮರಾಠಿ ಹೆಂಗಸು, ಗಂಜಿ ಹಾಕಿದ ಹತ್ತಿ ಸೀರೆ, ಬೇಸಗೆಯಲ್ಲೂ ಕೈಯಲ್ಲಿ ಕೊಡೆ. ಅವರು ಒಂದು ಸಣ್ಣ ಪ್ರೋಟೀನಿನ ಹಿಂದೆ ಬಿದ್ದಿದ್ದರು. ಜೀವಕೋಶದೊಳಗೆ ಪುಟ್ಟ ಚೀಲಗಳಿರುತ್ತವೆ. ಅವುಗಳ ಒಳಗನ್ನು ಹುಳಿಯಾಗಿ ಇಡಲು ಒಂದು ಪಂಪು ಪ್ರೋಟಾನುಗಳನ್ನು ಒಳಕ್ಕೆ ತಳ್ಳುತ್ತಲೇ ಇರುತ್ತದೆ. ಆ ಪಂಪಿನ ಪಕ್ಕದಲ್ಲಿ ಈ ಪ್ರೋಟೀನು ಅಂಟಿಕೊಂಡಿರುತ್ತದೆ. ತಾನಾಗಿ ಏನನ್ನೂ ತಳ್ಳುವುದಿಲ್ಲ, ಆದರೆ ಅದಿಲ್ಲದಿದ್ದರೆ ಪಂಪು ಸರಿಯಾಗಿ ಕೂತುಕೊಳ್ಳುವುದಿಲ್ಲ. ಮೇಡಂ ಅದನ್ನು 'ಸೋಬತಿ' ಎಂದು ಕರೆಯುತ್ತಿದ್ದರು, ಮರಾಠಿಯಲ್ಲಿ ಜೊತೆಗಾರ ಎಂದು. ಕೆಂಪು ರಕ್ತಕಣ ಬಲಿಯುವಾಗ ತನ್ನ ಕೇಂದ್ರವನ್ನೂ ಚೀಲಗಳನ್ನೂ ಹೊರಗೆ ಹಾಕಿಬಿಡುತ್ತದೆ. ಆಮೇಲೆ ನಾಲ್ಕು ತಿಂಗಳು ಬರಿಗೈಯಲ್ಲಿ ಮೈಯೆಲ್ಲ ಸುತ್ತುತ್ತದೆ. ಹಾಗೆ ಎಲ್ಲ ಕಳೆದುಕೊಂಡ ಕಣದಲ್ಲೂ ಸೋಬತಿ ಉಳಿದಿರುತ್ತದೆಯೇ? ಇಲ್ಲ ಎಂದು ಎಲ್ಲರೂ ನಂಬಿದ್ದರು. ಇದೆ ಎಂದು ಮೇಡಂಗೆ ಅನ್ನಿಸಿತ್ತು.

ನಾನು ಸೇರಿ ಒಂದು ವರ್ಷವಾದ ಮೇಲೆ ಅದನ್ನು ನೋಡಲು ಹೊರಟೆವು. ಅದಕ್ಕೆ ತಾಜಾ ರಕ್ತ ಬೇಕು. ಬ್ಲಡ್ ಬ್ಯಾಂಕಿನ ಹಳೆಯದು ನಡೆಯದು. ವಾರಕ್ಕೆ ಎರಡು ದಿನ, ಆರೋಗ್ಯವಾಗಿರುವ ಮೂವರಿಂದ ಒಂದೊಂದು ಟ್ಯೂಬು. ರಕ್ತವನ್ನು ಉಪ್ಪುನೀರಿನಲ್ಲಿ ತೊಳೆದು, ಬಿಳಿ ಕಣಗಳ ಪದರ ತೆಗೆದು, ಕೆಂಪು ಕಣಗಳನ್ನು ಒಡೆದು, ಉಳಿದ ಪೇಲವ ಸಿಪ್ಪೆಗಳಿಂದ ಪ್ರೋಟೀನುಗಳನ್ನು ಬೇರ್ಪಡಿಸಬೇಕು. ಕೊನೆಗೆ ಒಂದು ಕಾಗದದ ಪಟ್ಟಿಯ ಮೇಲೆ ಸೋಬತಿ ಇದ್ದರೆ ಕಂದು ಗೆರೆ ಮೂಡುತ್ತದೆ, ಇಲ್ಲದಿದ್ದರೆ ಇಲ್ಲ. ಇದೆಲ್ಲ ನನಗೆ ನೀರು ಕುಡಿದಷ್ಟು ಸುಲಭ. ಕಷ್ಟವಾದದ್ದು ಮೊದಲನೆಯ ಹೆಜ್ಜೆ: ಮೂವರನ್ನು ಕೇಳುವುದು.

ಕೇಳಲೇ ಇಲ್ಲ ಎಂದಲ್ಲ. ಮೊದಲ ವಾರ ಪಕ್ಕದ ಲ್ಯಾಬಿನ ಒಬ್ಬನನ್ನು ಕೇಳಿದೆ, "ಕಲ್ ದೇಖೇಂಗೆ", ನಾಳೆ ನೋಡೋಣ, ಎಂದು ಹೊರಟುಹೋದ. ಸೂಜಿಯಿಂದ ಏನೇನೋ ರೋಗ ಬರುತ್ತದೆ ಎಂದು ಪೇಪರುಗಳೆಲ್ಲ ಹೆದರಿಸುತ್ತಿದ್ದ ಕಾಲ ಅದು. ಹಾಸ್ಟೆಲಿನಲ್ಲಿ ಪಕ್ಕದ ಮಂಚದವಳನ್ನು ಕೇಳಿದರೆ, "ಖೂನ್? ಪಾಗಲ್ ಹೈ ಕ್ಯಾ?", ರಕ್ತವೇ, ಹುಚ್ಚೇ ನಿನಗೆ, ಎಂದು ಕೋಣೆಯವರಿಗೆಲ್ಲ ಹೇಳಿ ನಕ್ಕಳು. ಮುಖಕ್ಕೆ ಹೊಡೆದ ಹಾಗಾಯಿತು. ಎರಡೇ ಎರಡು ಸಲ ಇಲ್ಲ ಅನ್ನಿಸಿಕೊಂಡದ್ದಕ್ಕೆ, ಇನ್ನು ತಲೆ ಹೋದರೂ ಯಾರನ್ನೂ ಕೇಳುವುದಿಲ್ಲ ಎಂದು ತೀರ್ಮಾನಿಸಿದೆ. ನನ್ನ ಕೋಪ ಅಂಥದ್ದು.

ಮರುದಿನ ಏಳೂವರೆಗೇ ಲ್ಯಾಬಿಗೆ ಹೋದೆ. ಯಾರೂ ಬಂದಿರಲಿಲ್ಲ. ರಬ್ಬರ್ ಪಟ್ಟಿಯನ್ನು ಎಡತೋಳಿಗೆ ಸುತ್ತಿ, ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆದು, ಬಲಗೈಯಲ್ಲಿ ಸೂಜಿ ಚುಚ್ಚಿಕೊಂಡೆ. ಒಂದು ಟ್ಯೂಬು, ಎರಡು, ಮೂರು. ಚೀಟಿ ಅಂಟಿಸಿ ಎ, ಬಿ, ಸಿ ಎಂದು ಬರೆದೆ. ರಿಜಿಸ್ಟರಿನಲ್ಲಿ ವಯಸ್ಸು, ಗಂಡೋ ಹೆಣ್ಣೋ ಅಷ್ಟು ತುಂಬಿಸಬೇಕಿತ್ತು, ಹೆಸರು ಬೇಕಿರಲಿಲ್ಲ. ಎ: ಗಂಡಸು, ಮೂವತ್ತು. ಬಿ: ಹೆಂಗಸು, ಇಪ್ಪತ್ತೆರಡು. ಸಿ: ಗಂಡಸು, ನಲವತ್ತೈದು. ಇದೊಂದು ಸಲ ಮಾತ್ರ ಅಂದುಕೊಂಡೆ. ಹಾಗೆ ಅಂದುಕೊಂಡು ಐದು ತಿಂಗಳು ಕಳೆದೆ.

ಮೇಡಂ ಸುಮ್ಮನಿರುವವರಾಗಿದ್ದರೆ ಇದು ಅಷ್ಟಕ್ಕೇ ನಿಲ್ಲುತ್ತಿತ್ತು. ಆದರೆ ರಕ್ತ ಕೊಟ್ಟವರನ್ನು ವಿಚಾರಿಸಿಕೊಳ್ಳಬೇಕು ಎನ್ನುವುದು ಅವರ ನಿಯಮ. "ಸಿ ಏನು ಮಾಡುತ್ತಾರೆ?" ಎಂದರು ಒಂದು ದಿನ. ಬಾಯಿಗೆ ಬಂದದ್ದನ್ನು ಹೇಳಿದೆ: ಭಾಂಡುಪ್‌ನಲ್ಲಿ ಮನೆ, ತಾಯಿಗೆ ಕಣ್ಣಿನ ಪೊರೆ. ಎ ವಿಕ್ರೋಳಿಯ ಕಾರ್ಖಾನೆಯಲ್ಲಿ ಫಿಟ್ಟರ್. ಬಿ ಕೆಲಸ ಮಾಡಿಕೊಂಡೇ ಬಿಕಾಂ ಪರೀಕ್ಷೆಗೆ ಕಟ್ಟಿದ್ದಾಳೆ. ಮುಂದಿನ ವಾರ ಮೇಡಂ ಸಿಯ ತಾಯಿಗೆಂದು ಕಣ್ಣಿನ ವೈದ್ಯರೊಬ್ಬರಿಗೆ ಚೀಟಿ ಬರೆದು ಕೊಟ್ಟರು. ಬಿಯ ಪರೀಕ್ಷೆಗೆ ಒಂದು ಹಸಿರು ಬಣ್ಣದ ಇಂಕ್ ಪೆನ್ನು ತಂದುಕೊಟ್ಟರು. ಎರಡನ್ನೂ ನನ್ನ ಟ್ರಂಕಿನಲ್ಲಿ ಸೀರೆಯ ಅಡಿ ಇಟ್ಟೆ.

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಸುಳ್ಳು ಹೇಳಿದ ಭಯಕ್ಕಿಂತ ಹೆಚ್ಚಾಗಿ ನನಗೆ ಅದರಲ್ಲಿ ಸುಖ ಸಿಗತೊಡಗಿತು. ಮೇಡಂ ಕೇಳುತ್ತಾರೆ ಎಂದು ಬಸ್ಸಿನಲ್ಲಿ ಕೂತು ಮೂವರಿಗೂ ಸುದ್ದಿ ಜೋಡಿಸುತ್ತಿದ್ದೆ. ಬಿಗೆ ಅಕೌಂಟೆನ್ಸಿ ಕಷ್ಟ. ಎಗೆ ಮದುವೆ ಗೊತ್ತಾಗುವ ಹಾಗಿದೆ. ಸಿ ಮಾತು ಕಡಿಮೆ, ಆದರೆ ಒಳ್ಳೆಯ ಮನುಷ್ಯ. ಹಾಸ್ಟೆಲಿನ ಮಂಚದ ಮೇಲೆ ಒಬ್ಬಳೇ ಮಲಗಿ, ಎ ತನ್ನ ಮದುವೆಗೆ ನನ್ನನ್ನು ಕರೆಯುತ್ತಾನೋ ಇಲ್ಲವೋ ಎಂದು ಯೋಚಿಸಿದ್ದೂ ಉಂಟು. ಕರೆಯದೆ ಇದ್ದರೆ ಎಂದು ಅವನ ಮೇಲೆ ಸಿಟ್ಟೂ ಬಂದಿತ್ತು.

ಒಂದು ಸಲ ಮೇಡಂ, "ಭಾಂಡುಪ್‌ನಲ್ಲಿ ಎಲ್ಲಿ? ನನ್ನ ಅಕ್ಕ ಅಲ್ಲೇ ಇರೋದು" ಎಂದುಬಿಟ್ಟರು. ಸ್ಟೇಷನ್ ಹತ್ತಿರ ಎಂದು ತಪ್ಪಿಸಿಕೊಂಡೆ. ಆ ಭಾನುವಾರವೇ ಲೋಕಲ್ ಹಿಡಿದು ಭಾಂಡುಪ್‌ಗೆ ಹೋದೆ, ಸಿಗೆ ಒಂದು ಮನೆ ಹುಡುಕಲು. ಗೇಟು ಮುಚ್ಚಿದ ಒಂದು ಕಾರ್ಖಾನೆ, ಅದರ ಗೋಡೆಗೆ ಒರಗಿದ, ಸಾಲಾಗಿ ಒಂದೊಂದೇ ಕೋಣೆಯ ಮನೆಗಳ ಚಾಳುಗಳು, ಪ್ರತಿ ಬಾಗಿಲಲ್ಲೂ ಟಿವಿಯ ಸದ್ದು. ಎರಡನೆಯ ಸಾಲಿನ ಕೊನೆಯ ಮನೆ ನನಗೆ ಹಿಡಿಸಿತು. ಬಾಗಿಲಿಗೆ ನೀಲಿ ಬಣ್ಣ, ಡಬ್ಬದಲ್ಲಿ ತುಳಸಿ. ಸಿಯ ತಾಯಿ ಆ ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಿರಬೇಕು, ಕಣ್ಣು ಕಾಣದಿದ್ದರೂ ಬಿಡದೆ. ನೋಡುತ್ತ ನಿಂತೇ ಇದ್ದೆ. ನಲ್ಲಿಯಲ್ಲಿ ಕೊಡ ತುಂಬುತ್ತಿದ್ದ ಒಬ್ಬ ಹೆಂಗಸು, "ಕೋಣ್ ಪಾಹಿಜೆ?" ಎಂದು ಕೇಳಿದಳು. ಯಾರು ಬೇಕು? ಅಷ್ಟು ಮರಾಠಿ ನನಗೆ ಬರುತ್ತಿತ್ತು. ಕೈಯಾಡಿಸಿ ಹಿಂದಿರುಗಿದೆ. ವಾಪಸು ಬರುವ ರೈಲಿನಲ್ಲಿ ಲೇಡೀಸ್ ಡಬ್ಬಿ ತುಂಬ ಜನ, ನಾನು ಬಾಗಿಲ ಕಡೆ ಮುಖ ಮಾಡಿ ಅತ್ತೆ.

ಈ ನಡುವೆ ನಮ್ಮ ಕೆಲಸ ದೇವರು ವರ ಕೊಟ್ಟ ಹಾಗೆ ಸಾಗುತ್ತಿತ್ತು. ಮೊದಲ ವಾರಗಳಲ್ಲಿ ಪಟ್ಟಿಯ ಮೇಲೆ ಏನೂ ಇರಲಿಲ್ಲ. ಎರಡನೆಯ ತಿಂಗಳಲ್ಲಿ ಮಸುಕಾಗಿ ಒಂದು ಕಂದು ಗೆರೆ. ಮೂರನೆಯ ತಿಂಗಳಲ್ಲಿ ಅದು ಯಾರಿಗೂ ಕಾಣುವಷ್ಟಾಯಿತು. ನಿನ್ನ ಕೈ ಪಳಗಿದೆ ಎಂದು ಮೇಡಂ ಹೊಗಳಿದರು. ಮೂವರಲ್ಲೂ ಒಂದೇ ಎತ್ತರದಲ್ಲಿ, ಒಂದೇ ದಪ್ಪದಲ್ಲಿ ಸೋಬತಿ. "ಮೂರು ಬೇರೆ ಬೇರೆ ಜನ, ಒಂದೇ ಉತ್ತರ! ಇನ್ನೇನು ಬೇಕು?" ಎಂದು ಪಟ್ಟಿಯನ್ನು ಬೆಳಕಿಗೆ ಹಿಡಿದು ಸಣ್ಣ ಹುಡುಗಿಯ ಹಾಗೆ ನಗುತ್ತಿದ್ದರು. ಲೇಖನ ಬರೆಯಲು ಕೂತರು. ಅದರಲ್ಲಿ ನನ್ನ ಹೆಸರೂ ಇರುತ್ತದೆ ಎಂದರು. ಒಬ್ಬಳ ರಕ್ತವಾದರೂ ಮನುಷ್ಯರ ರಕ್ತವೇ ತಾನೆ, ಮೂವರಲ್ಲೂ ಇದೇ ಇರುತ್ತಿತ್ತು ಬಿಡು ಎಂದು ನಾನು ಸಮಾಧಾನ ಮಾಡಿಕೊಂಡೆ.

ನಾನು ಮಾತ್ರ ಸೊರಗುತ್ತಿದ್ದೆ. ಮೆಟ್ಟಿಲು ಹತ್ತಿದರೆ ಏದುಸಿರು. ಮೊಣಕೈಯ ನೀಲಿ ಕಲೆಗಳನ್ನು ಮುಚ್ಚಲು ಮುಂಬಯಿಯ ಆ ಬೆವರಿನಲ್ಲಿ ಉದ್ದ ತೋಳಿನ ರವಿಕೆ. ಬುದ್ಧಿವಂತೆಯಂತೆ ಔಷಧಿ ಅಂಗಡಿಯಿಂದ ಕಬ್ಬಿಣದ ಮಾತ್ರೆ ತಂದು ನುಂಗುತ್ತಿದ್ದೆ, ಬೆಲ್ಲ ತಿನ್ನುತ್ತಿದ್ದೆ. ಇದನ್ನು ಗಮನಿಸಿದ ಒಬ್ಬರೇ ಒಬ್ಬರೆಂದರೆ ಹೋಟೆಲಿನ ದೋಸೆ ಭಟ್ಟರು. ಕಾವಲಿಯ ಎದುರಿನ ಮೇಜು ನನ್ನದು, ಒಂದೂವರೆ ವರ್ಷದಿಂದ. ನಮ್ಮ ಮಾತೆಲ್ಲ ದೋಸೆ ಗರಿಯೋ ಮೆತ್ತಗೋ, ಸಾಂಬಾರ್ ಬೇರೆ ಬಟ್ಟಲಲ್ಲಿ, ಎನ್ನುವಷ್ಟೇ.

"ಎಂತ ಅಮ್ಮಾ, ಮೋರೆ ಸುಣ್ಣ ಬಳಿದ ಹಾಗೆ ಉಂಟಲ್ಲ? ಹುಷಾರಿಲ್ವಾ?" ಎಂದರು ಒಂದು ದಿನ.

"ಏನಿಲ್ಲ, ಚೆನ್ನಾಗಿದೀನಿ."

"ಹೂಂ, ಚೆನ್ನಾಗಿರುವವರು ಸಾಂಬಾರ್ ಬಟ್ಟಲು ಎತ್ತುವಾಗ ಕೈ ನಡುಗಿಸ್ತಾರಾ?" ಎಂದು ಕೇಳದೆಯೇ ತಟ್ಟೆಗೆ ಒಂದು ಚಮಚ ತುಪ್ಪ ಹಾಕಿದರು. ನನಗೆ ಕೋಪವೇ ಬಂತು. ಕೇಳದ್ದನ್ನು ಯಾರಾದರೂ ಕೊಟ್ಟರೆ ನಮ್ಮ ಮನೆಯವರಿಗೆ ಕೋಪ ಬರುತ್ತದೆ.

ಆಗಲೇ ಮೇಡಂ ಆ ಮಾತು ಹೇಳಿದ್ದು. ಲೇಖನ ಕಳಿಸುವ ಮೊದಲು ಶನಿವಾರ ಮಧ್ಯಾಹ್ನ ಎ, ಬಿ, ಸಿಯನ್ನು ಲ್ಯಾಬಿಗೆ ಚಹಾಕ್ಕೆ ಕರೆದುಕೊಂಡು ಬಾ. ಬಟಾಟಾ ವಡೆ ತರಿಸುತ್ತೇನೆ, ಕೈಮುಗಿದು ಥ್ಯಾಂಕ್ಸ್ ಹೇಳಬೇಕು. ಬಂದಾಗ ಬೆರಳಿನಿಂದ ಒಂದೊಂದು ಹನಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿಬಿಡೋಣ, ಲೇಖನ ತೂಗಿ ನೋಡುವ ಪರೀಕ್ಷಕರು ಕೇಳಿದರೆ ಬೇಕಾಗುತ್ತದೆ.

ನಾಲ್ಕು ದಿನ ಉಳಿದಿತ್ತು. ಹೇಳಿಬಿಟ್ಟರೆ ಕೆಲಸ ಹೋಗುತ್ತದೆ, ಟ್ರಂಕು ಹೊತ್ತು ಮೈಸೂರಿಗೆ ಹೋಗಿ ತಂದೆಯ ಮುಂದೆ ನಿಲ್ಲಬೇಕು. ಹೇಳದಿದ್ದರೆ ಎಲ್ಲಿಂದಲಾದರೂ ಮೂವರನ್ನು ತರಬೇಕು. ಶುಕ್ರವಾರ ಸಂಜೆಯವರೆಗೂ ಯೋಚಿಸಿ, ಕೊನೆಗೆ ದೋಸೆ ಮುಗಿದರೂ ಮೇಜಿನಿಂದ ಏಳದೆ ಕೂತೆ. ಭಟ್ಟರು ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಿಂದ ಒರೆಸಿ, ನನ್ನ ಕಡೆ ನೋಡಿದರು. ಬಟ್ಟಲು ಹಿಡಿದು ಪಕ್ಕದ ಮನೆ ಬಾಗಿಲಲ್ಲಿ ನಿಂತ ಹಾಗನ್ನಿಸಿತು. ಹೇಳಿದೆ. ಮೊದಲಿನಿಂದ ಕೊನೆಯವರೆಗೆ, ತಲೆ ತಗ್ಗಿಸಿಕೊಂಡು. ನಾಳೆ ಒಂದು ಗಂಟೆಯ ಮಟ್ಟಿಗೆ ನೀವು ಸಿ ಆಗಬೇಕು, ಇನ್ನಿಬ್ಬರನ್ನು ಹೇಗಾದರೂ ಒದಗಿಸಬೇಕು ಎಂದೆ.

ಅವರು ಕಾವಲಿಯ ಉರಿ ಸಣ್ಣ ಮಾಡಿದರು. "ರಕ್ತ ಬೇಕಾದ್ರೆ ಕೊಡುವ. ಮೂರು ಗಂಟೆ ಮೇಲೆ ನಮಗೆ ಬಿಡುವು ಉಂಟು. ನಾನು ಬರ್ತೇನೆ, ಕಾಫಿಯವ ಬರ್ತಾನೆ, ಬಡಿಸುವವನನ್ನೂ ಎಳ್ಕೊಂಡು ಬರುವ. ಆದ್ರೆ ನಾನು ನಾನೇ ಆಗಿ ಬರುದು. ಭಾಂಡುಪ್‌ನವ ಅಂತ ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ ಮಾರಾಯ್ತಿ." ಆಮೇಲೆ ದನಿ ತಗ್ಗಿಸಿ, "ಐದು ತಿಂಗಳು! ದಿನಾ ಎರಡು ಸಲ ನಮ್ಮ ಎದುರೇ ಕೂತುಕೊಳ್ತಿದ್ರಿ. ಒಂದು ಮಾತು ಕೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?" ಎಂದರು.

ಶನಿವಾರ ಅವರು ಬರುವುದಕ್ಕೆ ಒಂದು ಗಂಟೆ ಮುಂಚೆ ಮೇಡಂ ಕೋಣೆಗೆ ಹೋದೆ. ಮೇಜಿನ ಮೇಲೆ ಹಾಳೆ ಹಾಸಿ ಐದು ಕಪ್ಪು ಜೋಡಿಸಿದ್ದರು. ಪಕ್ಕದಲ್ಲಿ ಕಟ್ಟು ಬಿಚ್ಚದ ಪೇಡೆಯ ಡಬ್ಬಿ. ನಾನು ಕೂರಲಿಲ್ಲ. "ಎ, ಬಿ, ಸಿ ಇಲ್ಲ ಮೇಡಂ. ಮೂರೂ ನಾನೇ" ಎಂದು ಇಂಗ್ಲಿಷಿನಲ್ಲಿ ಹೇಳಿ, ರವಿಕೆಯ ತೋಳು ಮೇಲಕ್ಕೆ ಸರಿಸಿದೆ.

ಬೈಯುತ್ತಾರೆ ಎಂದು ಸಿದ್ಧಳಾಗಿದ್ದೆ. ಅವರು ನನ್ನ ತೋಳನ್ನೇ ನೋಡುತ್ತ, "ಸಿಯ ತಾಯಿ?" ಎಂದರು.

"ಇಲ್ಲ ಮೇಡಂ."

"ನಾನು ದೇವರಿಗೆ ಹೇಳಿಕೊಂಡಿದ್ದೆ ಕಣೇ, ಆಕೆಯ ಆಪರೇಷನ್ ಸರಿಯಾಗಲಿ ಅಂತ." ಆಮೇಲೆ, "ಆ ಪೆನ್ನು?"

"ನನ್ನ ಟ್ರಂಕಿನಲ್ಲಿದೆ."

ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನನಗೆ ಬೆನ್ನು ಮಾಡಿ ನಿಂತರು. ಈಗ ಬರುವ ಮೂವರು ಹೋಟೆಲಿನವರು, ನಿಜವಾಗಿ ರಕ್ತ ಕೊಡಲು ಬರುತ್ತಿದ್ದಾರೆ ಎಂದು ಆ ಬೆನ್ನಿಗೇ ಹೇಳಿದೆ. ನನಗೆ ಜೀವನದಲ್ಲಿ ಅಷ್ಟು ಕೆಟ್ಟದಾಗಿ ಯಾವತ್ತೂ ಅನ್ನಿಸಿಲ್ಲ, ಎಷ್ಟೋ ವರ್ಷಗಳ ಮೇಲೆ ತಂದೆ ತೀರಿಕೊಂಡ ದಿನವೂ ಸಹ.

ಮೂರೂಕಾಲಿಗೆ ಹೋಟೆಲಿನ ಮೂವರು ಬಂದರು. ಅಂಗಿ ಬದಲಿಸಿ, ತಲೆ ಬಾಚಿ, ಮದುವೆಗೆ ಬಂದವರ ಹಾಗೆ. ಮೇಡಂ ಏನನ್ನೂ ಹೊರಗೆ ತೋರಿಸಿಕೊಳ್ಳದೆ ಅವರಿಗೆ ಚಹಾ, ವಡೆ, ಪೇಡೆ ಕೊಟ್ಟರು. ತಾವೇ ಸೂಜಿ ಹಿಡಿದು ಮೂವರ ತೋಳಿನಿಂದ ಒಂದೊಂದು ಟ್ಯೂಬು ತೆಗೆದರು. ಬೆರಳಿನ ಹನಿಗಳಿಗೆ ನೀಲಿ ಬಣ್ಣ ಬೆರೆಸಿ ಗಾಜಿನ ಮೇಲೆ ಸವರಿದರು. ನಾಲ್ಕನೆಯ ಗಾಜಿಗೆ ನನ್ನ ಬೆರಳು ಚುಚ್ಚಿದರು. ಆ ಮೂವರು ಹೋದ ಮೇಲೆ ಮೇಡಂ ಮೈಕ್ರೋಸ್ಕೋಪಿನಲ್ಲಿ ನೋಡಿ, ನೋಡು ಎಂದು ನನಗೆ ಕುರ್ಚಿ ಬಿಟ್ಟುಕೊಟ್ಟರು. ಹೋಟೆಲಿನವರ ಕಣಗಳು ಶುಭ್ರವಾಗಿದ್ದವು. ನನ್ನದರಲ್ಲಿ ಎಲ್ಲಿ ನೋಡಿದರೂ ಒಳಗೆ ನೀಲಿ ಎಳೆಗಳ ಬಲೆ ಹೊತ್ತ ಕಣಗಳು, ಇನ್ನೂ ಪೂರ್ತಿ ಬೆಳೆಯದ ಎಳೆಯ ಕಣಗಳು.

ನನಗೆ ತಕ್ಷಣ ಅರ್ಥವಾಯಿತು. ವಾರಕ್ಕೆ ಆರು ಟ್ಯೂಬು ಹೊರಗೆ ಹೋಗುತ್ತಿದ್ದರೆ ಮೂಳೆಯೊಳಗಿನ ಮಜ್ಜೆ ಏನು ಮಾಡಬೇಕು? ಕಬ್ಬಿಣದ ಮಾತ್ರೆ ಬೇರೆ ಸಿಗುತ್ತಿತ್ತು. ಎಳೆಯವನ್ನೇ ಆತುರಾತುರವಾಗಿ ಹೊರಗೆ ಕಳಿಸುತ್ತಿತ್ತು. ಎಳೆಯವು ಚೀಲಗಳನ್ನೂ ಪಂಪನ್ನೂ ಸೋಬತಿಯನ್ನೂ ಇನ್ನೂ ಬಿಟ್ಟಿರುವುದಿಲ್ಲ. ವಾರದಿಂದ ವಾರಕ್ಕೆ ಗೆರೆ ದಟ್ಟವಾದದ್ದು ನನ್ನ ಕೈ ಪಳಗಿದ್ದರಿಂದಲ್ಲ, ನಾನು ಬರಿದಾಗುತ್ತ ಬಂದದ್ದರಿಂದ. ಸೋಮವಾರ ಹೋಟೆಲಿನವರ ರಕ್ತದ ಪಟ್ಟಿಗಳೂ ತಯಾರಾದವು. ಮೂರರಲ್ಲಿಯೂ ಗೆರೆ ಇರಲಿಲ್ಲ. ಬೆಳೆದ ಕಣ ಸೋಬತಿಯನ್ನು ಕಳೆದುಕೊಂಡೇ ತಿರುಗುತ್ತದೆ, ಎಲ್ಲರೂ ಮೊದಲೇ ಹೇಳಿದ್ದ ಹಾಗೆ.

ಮೇಡಂ ಲೇಖನದ ಹಾಳೆಗಳನ್ನು ಮಡಚಿ ಕಪಾಟಿನ ಕೆಳಗಿನ ಖಾನೆಗೆ ಹಾಕಿದರು. "ಅಲ್ಲ ಕಣೇ, ನನ್ನನ್ನು ಕೇಳಬಹುದಿತ್ತಲ್ಲ?" ಎಂದರು. "ನನ್ನ ಕೈಯಲ್ಲೂ ರಕ್ತ ಇದೆ." ಅದು ನನಗೆ ಹೊಳೆದೇ ಇರಲಿಲ್ಲ. ದಿನಕ್ಕೆ ಎಂಟು ಗಂಟೆ ಎದುರಿಗಿದ್ದವರು, ಅವರನ್ನು ಕೇಳಬಹುದೆಂದು ಒಂದು ಸಲವೂ ಹೊಳೆದಿರಲಿಲ್ಲ.

ಕೆಲಸದಿಂದ ತೆಗೆಯಲಿಲ್ಲ. ಒಂದೇ ಒಂದು ಶಿಕ್ಷೆ ಕೊಟ್ಟರು: ಆ ಹಸಿರು ಪೆನ್ನು ತಂದು ರಿಜಿಸ್ಟರ್ ಸರಿಮಾಡು. ಹಳೆಯದು ಕಾಣುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ನಿಜ ಬರೆಯಬೇಕು. ಎರಡು ಸಂಜೆ ಹಿಡಿಯಿತು. ಎ ಹೊಡೆದು ನಾನು, ಬಿ ಹೊಡೆದು ನಾನು, ಸಿ ಹೊಡೆದು ನಾನು. ಪುಟ ತಿರುಗಿಸಿದರೆ ಮತ್ತೆ ನಾನು, ನಾನು, ನಾನು. ಐದು ತಿಂಗಳು ಈ ಊರಿನಲ್ಲಿ ನನ್ನ ಜೊತೆಗಿದ್ದವರು ಯಾರು ಎಂದು ಯಾರಾದರೂ ಕೇಳಿದ್ದರೆ ಆ ಪುಸ್ತಕ ತೋರಿಸಬಹುದಿತ್ತು. ಸಿಯನ್ನು ಹೊಡೆಯುವಾಗ ಮಾತ್ರ ಪ್ರತಿಸಲ ಕೈ ತಡೆಯುತ್ತಿತ್ತು.

ಕೊನೆಯ ಪುಟದಲ್ಲಿ ಶನಿವಾರದ ಮೂವರನ್ನು ಸೇರಿಸಬೇಕಿತ್ತು. ಇನ್ನು ಮುಂದೆ ಅಕ್ಷರ ಸಾಲದು, ಪೂರ್ತಿ ಹೆಸರು ಬೇಕು ಎಂದು ಮೇಡಂ ಹೇಳಿದ್ದರು. ಪೆನ್ನು ಹಿಡಿದು ಕೂತೆ. ಇಲ್ಲದ ಸಿಯ ತಾಯಿಯ ಯಾವ ಕಣ್ಣಿಗೆ ಪೊರೆ ಎಂದು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ. ಒಂದೂವರೆ ವರ್ಷ ದಿನಕ್ಕೆ ಎರಡು ಹೊತ್ತು ಊಟ ಹಾಕಿದವರ ಹೆಸರು ನನಗೆ ಗೊತ್ತಿರಲಿಲ್ಲ.

ರಿಜಿಸ್ಟರನ್ನು ಎದೆಗವಚಿಕೊಂಡು ಹೋಟೆಲಿಗೆ ನಡೆದೆ. ಜನ ತುಂಬಿದ್ದರು. ಕಾವಲಿಯ ಎದುರು ನಿಂತು, "ನಿಮ್ಮ ಹೆಸರೇನು?" ಎಂದು ಕೇಳಿದೆ.

ಭಟ್ಟರು ಸಟ್ಟುಗ ಕೆಳಗಿಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡು ಹೆಸರು ಹೇಳಿದರು. ಬರೆದುಕೊಂಡೆ. ಆಮೇಲೆ ಅವರು, "ನಿಮ್ಮದು ಎಂತ? ಇಲ್ಲಿ ಒಳಗೆ ನಿಮ್ಮನ್ನು ನಾವು 'ಸಾಂಬಾರ್ ಬೇರೆ' ಅಂತಲೇ ಹೇಳುದು" ಎಂದರು. ಕಾಫಿ ಮಾಡುವವರು ಒಳಗಿನಿಂದ ನಕ್ಕರು. ನನಗೆ ಕೋಪ ಬರಲಿಲ್ಲ. ಆ ಊರಿಗೆ ಬಂದ ಮೇಲೆ ಹಾಸ್ಟೆಲಿನ ಫಾರಂ, ಕೆಲಸದ ಕಾಗದ ಬಿಟ್ಟರೆ ಯಾರೂ ಅದನ್ನು ಕೇಳಿರಲಿಲ್ಲ, ನಾನಾಗಿ ಯಾರಿಗೂ ಹೇಳಿರಲಿಲ್ಲ. ಆ ಗದ್ದಲದಲ್ಲಿ ಅವರಿಗೆ ಕೇಳಿಸಲೆಂದು ಎರಡು ಸಲ, ಗಟ್ಟಿಯಾಗಿ, ನನ್ನ ಹೆಸರು ಹೇಳಿದೆ.